ವಿದ್ಯಾಲಯಗಳ ಕ್ರೈಸ್ತ ವೃಂದಗಾನವೂ ಕನ್ನಡ ನುಡಿಯ ಮಾತ್ರಾಧರ್ಮವೂ

ಒಂದು ದೇಶದಲ್ಲಿ ಹುಟ್ಟಿದ ಗೀತದ ವರಸೆಯನ್ನು ಮತ್ತೊಂದು ದೇಶದ ನುಡಿಗೆ ತೊಡಿಸಿದಾಗ, ನುಡಿಯು ವರಸೆಗೆ ಬಾಗಬೇಕೋ ವರಸೆಯು ನುಡಿಗೆ ಬಾಗಬೇಕೋ ಎಂಬ ಪ್ರಶ್ನೆಯು ತಪ್ಪದೆ ಏಳುವುದು. ಕರ್ಣಾಟಕದಲ್ಲಿ ಈ ಪ್ರಶ್ನೆಯು ಸ್ಪಷ್ಟವಾಗಿ ತೋರಿಬರುವ ಎಡೆಗಳಲ್ಲಿ ಕ್ರೈಸ್ತ ವಿದ್ಯಾಲಯಗಳ ವಿದ್ಯಾರ್ಥಿ ಗಾಯಕವೃಂದವು ಮುಖ್ಯವಾದುದು. ‘ಕಾಯರ್’ ಎಂದು ಕರೆಯಲ್ಪಡುವ ಈ ವೃಂದವನ್ನೂ, ಅದರ ಜೊತೆಯಲ್ಲಿಯೇ ಬೆಳೆದ ‘ಬ್ಯಾಂಡು’ ಎಂಬ ವಾದ್ಯಮೇಳವನ್ನೂ ಕೆಲವರು ಕೇವಲ ವಿದೇಶೀಯವಾದ ಆಡಂಬರವೆಂದು ತಳ್ಳಿಬಿಡುವುದುಂಟು. ಕೆಲವರು ಅದರಲ್ಲಿ ತಿದ್ದಬೇಕಾದುದೇನೂ ಇಲ್ಲವೆಂದು ಕೊಂಡಾಡುವುದುಂಟು. ಎರಡು ಪಕ್ಷದವರೂ ವೃಂದವು ಹಾಡುವ ಮಾತನ್ನು ಕಿವಿಗೊಟ್ಟು ಕೇಳಿದವರಲ್ಲ. ವೃಂದಗಾನದ ಸ್ವರೂಪವೇನು, ಅದರಲ್ಲಿ ಕನ್ನಡ ಮಾತಿಗೆ ಉಂಟಾಗುವ ತೊಡಕಾವುದು, ಅದಕ್ಕೆ ಪರಿಹಾರವೇನು ಎಂಬುದನ್ನು ಬಳ್ಳಾರಿ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಲಾಗುವುದು.

೧. ಬಳ್ಳಾರಿಯ ಹಿನ್ನೆಲೆ

ಬಳ್ಳಾರಿಯು ೧೮೦೦ರಲ್ಲಿ ನಿಜಾಮನಿಂದ ಇಂಗ್ಲೀಷ್ ಕುಂಪಣಿಗೆ ಬಂದ ದತ್ತಮಂಡಲಗಳಲ್ಲಿ ಒಂದು. ಅಲ್ಲಿ ದೊಡ್ಡದೊಂದು ದಂಡು ನೆಲಸಿತು. ದಂಡಿನೊಡನೆ ಪಟಾಲಮುಗಳ ಬ್ಯಾಂಡೂ ಬಂದಿತು. ೧೮೧೦ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬಳ್ಳಾರಿಯಲ್ಲಿ ನೆಲೆಯೂರಿ, ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಿಸಲು ತೊಡಗಿದನು. ಈ ಕಾರ್ಯದಲ್ಲಿ ಅವನಿಗೆ ಸಹಾಯಕನಾಗಿದ್ದ ವಿಲಿಯಂ ರೀವನು ೧೮೩೨ರಲ್ಲಿ ಕನ್ನಡ–ಇಂಗ್ಲೀಷು ನಿಘಂಟನ್ನು ಪ್ರಕಟಿಸಿದನು. ಮಿಶನ್ನಿನವರ ಅಚ್ಚುಕೂಟದಲ್ಲಿ ಕನ್ನಡದ ಅಚ್ಚಿನ ಮೊಳೆಗಳಿದ್ದುದರಿಂದಲೇ, ೧೮೪೩ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಟ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ೧೮೪೪ರಲ್ಲಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಅಚ್ಚಾಯಿತು. ೧೮೪೬ರಲ್ಲಿ ಆರಂಭವಾದ ಮಿಶನ್ ಶಾಲೆಯು ಪಾದ್ರಿ ವಾರ್ಡ್‌ಲಾ ಅವರ ಹೆಸರನ್ನು ಪಡೆದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ ಎರಡನೆಯ ದರ್ಜೆಯ ಕಾಲೇಜಾಯಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೂ ಈ ಊರಿನ ವಿದ್ಯೆಯ ಮುಖವು ಮದರಾಸಿನ ಕಡೆಗೇ ಇದ್ದಿತು.

ಇಂತಹ ವಿದ್ಯಾಲಯದ ದಿನಚರಿಯು ಪ್ರಾರ್ಥನೆಯಿಂದ ಮೊದಲಾಗುವುದು. ಪ್ರಾರ್ಥನೆಯು ಗೀತದಿಂದ ಮೊದಲಾಗುವುದು. ಹಾಡುವ ವಿದ್ಯಾರ್ಥಿಗಳು ಬಂದ ಮನೆಗಳಾದರೋ ಒಂದೇ ಬಗೆಯವಲ್ಲ. ಪಟ್ಟಣದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನುಡಿಗಳು ಬೆರೆತಿರುವುವು. ತುಂಗಭದ್ರೆಯ ದಡದ ಸಿರುಗುಪ್ಪದ ಕಡೆಯ ಹಳ್ಳಿಗಳ ಹುಡುಗನು ಭಜನೆ ಕೋಲಾಟಗಳ ಹಾಡನ್ನು ಕಿವಿಯಲ್ಲಿ ತುಂಬಿಕೊಂಡು ಬರುವನು. ದೊಡ್ಡಬಸವೇಶ್ವರನ ಗುಡಿಯಿಂದ ಪ್ರಸಿದ್ಧವಾದ ಕುರುಗೋಡಿನ ಕಡೆಯವನು ನಂದಿಕೋಲು ಸಮಾಳಗಳ ಲಯವನ್ನು ಬಲ್ಲವನಾಗಿರುವನು. ಇವರೆಲ್ಲರ ಕಿವಿಗೆ ಒಂದು ಸಂಗತಿ ಸಮಾನ: ಮುಂದಾಳು ಒಂದು ಸೊಲ್ಲನ್ನು ಎತ್ತಿಕೊಡುವನು, ಹಿಮ್ಮೇಳದವರು ಅದನ್ನೇ ಹಿಂದಿರುಗಿ ಹೇಳುವರು. ವೃಂದಗಾನದ ಬೀಜವು ಇವರಲ್ಲಿ ಮೊದಲೇ ಇದ್ದಿತೆಂಬುದು ಇದರಿಂದ ವ್ಯಕ್ತವಾಗುವುದು.

೨. ಶಾಸ್ತ್ರದಲ್ಲಿ ವೃಂದದ ಲಕ್ಷಣ

ವೃಂದಗಾನವು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ವೃಂದವನ್ನು ಉತ್ತಮ, ಮಧ್ಯಮ, ಕನಿಷ್ಠ ಎಂದು ಮೂರಾಗಿ ವಿಂಗಡಿಸುತ್ತಾನೆ. ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಮಗಾಯಕರು, ಹನ್ನೆರಡು ಮಂದಿ ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು — ಹೀಗೆ ಮೂವತ್ತೆರಡು ಮಂದಿ ಸೇರಿದುದು ಉತ್ತಮ ವೃಂದ. ಇದರ ಅರ್ಧವು ಮಧ್ಯಮ. ಉತ್ತಮಕ್ಕಿಂತಲೂ ಮಿಗಿಲಾದ ಸಂಖ್ಯೆಯುಳ್ಳ ವೃಂದಕ್ಕೆ ಆತನು ಕೊಟ್ಟ ಹೆಸರು ‘ಕೋಲಾಹಲ’. ಅರುವತ್ತು ಎಪ್ಪತ್ತು ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ಹಾಡಿಸುವ ಈಗಿನ ವಿದ್ಯಾಲಯಗಳು ಈ ಹೆಸರನ್ನು ಕೇಳಿ ನಗಬಹುದು. ಆದರೆ ಅದರೊಳಗಿನ ಎಚ್ಚರಿಕೆಯನ್ನು ಮರೆಯತಕ್ಕುದಲ್ಲ.

ಸಂಖ್ಯೆಗಿಂತಲೂ ಹೆಚ್ಚಾಗಿ ಗಮನಿಸಬೇಕಾದುದು ಆತನು ಹೇಳುವ ವೃಂದದ ಗುಣಗಳು. ಮುಖ್ಯನನ್ನು ಅನುಸರಿಸುವುದು, ಒಬ್ಬರ ದನಿ ಮತ್ತೊಬ್ಬರ ದನಿಯಲ್ಲಿ ಬೆರೆಯುವುದು, ತಾಳದಲ್ಲಿ ಲೀನವಾಗಿ ನಡೆಯುವುದು, ಒಬ್ಬನ ದನಿ ಕಡಿದುಹೋದೆಡೆಯಲ್ಲಿ ಮತ್ತೊಬ್ಬನು ತುಂಬಿಕೊಡುವುದು, ಮೂರು ಸ್ಥಾಯಿಗಳಲ್ಲಿಯೂ ವ್ಯಾಪಿಸುವ ಶಕ್ತಿ, ಶಬ್ದಗಳ ಸಾದೃಶ್ಯ. ಐರೋಪ್ಯ ವೃಂದಗಳ ಶಿಕ್ಷಕರು ತಮ್ಮ ಶಿಷ್ಯರಿಗೆ ಇಂದಿಗೂ ಹೇಳಿಕೊಡುವುದು ಹೆಚ್ಚುಕಡಿಮೆ ಇದನ್ನೇ. ಉಸಿರನ್ನು ಎಲ್ಲರೂ ಒಂದೇ ಎಡೆಯಲ್ಲಿ ತೆಗೆದುಕೊಳ್ಳದೆ, ಒಬ್ಬನು ಉಸಿರೆಳೆಯುವಾಗ ಪಕ್ಕದವನು ನಾದವನ್ನು ಹಿಡಿದಿರಬೇಕೆಂಬ ಅವರ ಕಟ್ಟಳೆಯು ಶಾರ್ಙ್ಗದೇವನ ನಾಲ್ಕನೆಯ ಗುಣವಲ್ಲದೆ ಬೇರೆಯಲ್ಲ.

೩. ನಾಲ್ಕು ಕಂಠಗಳ ಕ್ರಮ

ಆದರೆ ಭೇದವೂ ಉಂಟು, ಅದು ಅಲ್ಪವಾದುದಲ್ಲ. ಶಾರ್ಙ್ಗದೇವನ ವೃಂದದಲ್ಲಿ ಎಲ್ಲರ ಮಾತೂ ಒಂದು, ವರಸೆಯೂ ಒಂದು. ಸ್ಥಾಯಿ ಮಾತ್ರ ಬೇರೆಯಾಗಬಹುದು. ಕ್ರೈಸ್ತ ವೃಂದದಲ್ಲಿ ಮಾತು ಒಂದು, ವರಸೆ ನಾಲ್ಕು. ಹೆಂಗಸರ ಅಥವಾ ಎಳೆಯ ಹುಡುಗರ ಏರುಕಂಠ, ಅದಕ್ಕೆ ಕೆಳಗಿನ ತಗ್ಗುಕಂಠ, ಗಂಡಸರ ಏರುಕಂಠ, ಗಂಡಸರ ಮಂದ್ರಕಂಠ — ಈ ನಾಲ್ಕೂ ಒಂದೇ ಕ್ಷಣದಲ್ಲಿ ಬೇರೆ ಬೇರೆ ಸ್ವರಗಳನ್ನು ಹಿಡಿದು ಒಂದು ಸ್ವರಸಂಘಾತವನ್ನು ಉಂಟುಮಾಡುವುವು. ನಮ್ಮ ಸಂಗೀತದಲ್ಲಿ ಒಂದು ಸ್ವರದ ಸೊಗಸು ಅದರ ಹಿಂದುಮುಂದಿನ ಸ್ವರಗಳಿಂದ ಹುಟ್ಟಿದರೆ, ಇಲ್ಲಿ ಅದರ ಮೇಲುಕೆಳಗಿನ ಸ್ವರಗಳಿಂದ ಹುಟ್ಟುವುದು. ಒಂದು ದಾರದಂತೆ ಹರಿಯುವುದು. ಮತ್ತೊಂದು ಗೋಡೆಯಂತೆ ಕಟ್ಟಲ್ಪಡುವುದು. ಗೋಡೆಯ ಕಲ್ಲು ಅಲುಗಬಾರದು. ಆದುದರಿಂದ ಗಮಕಕ್ಕೆ ಇಲ್ಲಿ ಎಡೆಯಿಲ್ಲ.

ಈ ಕ್ರಮವನ್ನು ಕಲಿಸುವುದಕ್ಕೆ ಬಳಕೆಗೆ ಬಂದ ಸುಲಭ ಸಾಧನವು ‘ಟಾನಿಕ್ ಸೋಲ್‌ಫಾ’ ಎಂಬ ಬರೆವಣಿಗೆ. ನಾರ್ವಿಚ್ ನಗರದ ಸಾರಾ ಗ್ಲೋವರ್ ಎಂಬ ಶಿಕ್ಷಕಿಯು ಕಲ್ಪಿಸಿದುದನ್ನು ಜಾನ್ ಕರ್ವನ್ (೧೮೧೬–೧೮೮೦) ಎಂಬ ಪಾದ್ರಿಯು ತಿದ್ದಿ ಪ್ರಚಾರಪಡಿಸಿದನು. ಆತನು ಸೇರಿದ್ದ ಸ್ವತಂತ್ರ ಸಭೆಯವರೇ ಲಂಡನ್ ಮಿಶನ್ನಿಗೂ ಮುಖ್ಯ ಆಧಾರವಾಗಿದ್ದರು. ಐದು ಗೆರೆಗಳ ಲಿಪಿಯಲ್ಲಿ ಪ್ರತಿಯೊಂದು ಸ್ವರಕ್ಕೂ ಸ್ಥಿರವಾದ ಎತ್ತರವಿರುವುದು. ಕರ್ವನ್ನನ ಕ್ರಮದಲ್ಲಿ ‘ಡೋ’ ಎಂಬುದು ಯಾವ ಎತ್ತರದಲ್ಲಿ ಬೇಕಾದರೂ ನಿಲ್ಲಬಹುದು. ಇದು ನಮ್ಮ ಆಧಾರಷಡ್ಜವೇ. ‘ಸರಿಗಮ’ವನ್ನು ಬಲ್ಲ ಹುಡುಗನಿಗೆ ‘ಡೋ ರೇ ಮೀ’ ಎಂಬುದು ಒಂದು ದಿನದ ಪಾಠ. ಅದರ ಮೂಲ ಸಪ್ತಕವು ಇಪ್ಪತ್ತೊಂಬತ್ತನೆಯ ಮೇಳವಾದ ಶಂಕರಾಭರಣಕ್ಕೆ ಸರಿಹೊಂದುವುದು. ದುಃಖದ ಗೀತಗಳಲ್ಲಿ ಬರುವ ಸಪ್ತಕಗಳು ನಠಭೈರವಿ, ಕೀರವಾಣಿಗಳಿಗೆ ಹತ್ತಿರವಾದುವು. ಮಧ್ಯಮ ನಿಷಾದಗಳನ್ನು ಬಿಟ್ಟ ಹಳೆಯ ವರಸೆಗಳು ಕೆಲವು ಮೋಹನದ ಸ್ವರಗಳನ್ನೇ ಹಿಡಿದು ನಡೆಯುವುವು. ಸ್ವರದ ವಿಷಯದಲ್ಲಿ, ಅಂತು, ಹಳ್ಳಿಯ ವಿದ್ಯಾರ್ಥಿಗೆ ಹೆಚ್ಚಿನ ತೊಡಕಿಲ್ಲ. ತೊಡಕಿರುವುದು ಮಾತಿನಲ್ಲಿ.

೪. ಮಾತ್ರೆಯ ತೊಡಕು

ಇಂಗ್ಲೀಷು ಗೀತವು ಅಕ್ಷರಗಳ ಎಣಿಕೆಯ ಮೇಲೂ ಒತ್ತಿನ ಮೇಲೂ ನಿಂತಿರುವುದು. ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲುಗಳ ಕಟ್ಟು ಅವರ ಸಭೆಗಳಲ್ಲಿ ಅತಿ ಸಾಮಾನ್ಯ. ಅದನ್ನು ‘ಸಾಮಾನ್ಯ ಛಂದಸ್ಸು’ ಎಂದೇ ಕರೆಯುವರು. ಅಲ್ಲಿ ಸ್ವರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಒತ್ತು ತನ್ನ ಎಡೆಯಲ್ಲಿದ್ದರೆ ಮಾತು ಕೆಡುವುದಿಲ್ಲ. ಕನ್ನಡದ ಪ್ರಕೃತಿ ಬೇರೆ. ಇಲ್ಲಿ ಹ್ರಸ್ವದೀರ್ಘಗಳೇ ಅರ್ಥವನ್ನು ಹೊತ್ತಿರುವುವು. ‘ಬಲ’ವನ್ನು ಎಳೆದರೆ ‘ಬಾಲ’. ‘ಮನ’ವನ್ನು ಎಳೆದರೆ ‘ಮಾನ’. ‘ಬಿಡು’ ಎಂಬುದನ್ನು ಎಳೆದರೆ ‘ಬೀಡು’. ಪ್ರಾರ್ಥನಾಗೀತಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ‘ಕೊಡು’ ಎಂಬ ಮಾತು ದೀರ್ಘಸ್ವರಕ್ಕೆ ಸಿಕ್ಕಿದರೆ ‘ಕೋಡು’ ಆಗುವುದು. ದ್ವಿತ್ವದ ವಿಷಯದಲ್ಲಿಯೂ ಹೀಗೆಯೇ: ‘ಕತೆ’ಯ ಮೊದಲಕ್ಷರವನ್ನು ತಟ್ಟನೆ ಕಡಿದು ಒತ್ತಿ ಹಾಡಿದರೆ ಕೇಳುವವನ ಕಿವಿಗೆ ‘ಕತ್ತೆ’ಯೇ ಬೀಳುವುದು. ಒಬ್ಬನು ಹಾಡುವಾಗ ಇಂತಹ ದೋಷವು ಸಂದರ್ಭದಿಂದ ಮರೆಯಾಗಬಹುದು. ಅರುವತ್ತು ಕಂಠಗಳು ಏಕಕಾಲದಲ್ಲಿ ಅದನ್ನೇ ಉಚ್ಚರಿಸಿದರೆ ಮರೆಯಾಗುವುದೆಂತು?

ಇಲ್ಲಿ ಒಂದು ಆಕ್ಷೇಪವು ಬರಬಹುದು. ಎಳೆದು ಹಾಡುವುದು ಕನ್ನಡದಲ್ಲಿ ಇಲ್ಲವೆ? ತ್ರಿಪದಿ, ಸಾಂಗತ್ಯಗಳಂತಹ ಅಂಶಛಂದಸ್ಸುಗಳಲ್ಲಿ ಲಘುವನ್ನು ಹಿಗ್ಗಿಸಿ ಗಣವನ್ನು ತುಂಬಿಸುವ ಕರ್ಷಣವು ಪ್ರಸಿದ್ಧವಲ್ಲವೆ? ನಿಜ. ಆದರೆ ಆ ಎಳೆತವು ಹಾಡುವವನ ಕೈಯಲ್ಲಿರುವುದು. ಬೀಸುವಾಗ ಹಾಡುವ ಹೆಂಗಸು ಮಾತಿನ ಅರ್ಥವು ತಿಳಿದಮೇಲೆ, ಪದದ ಅಥವಾ ಗಣದ ಕೊನೆಯನ್ನು ಹಿಡಿದು ಎಳೆಯುವಳು. ಮೊದಲಕ್ಷರವನ್ನು ಎಳೆದು ಅರ್ಥವನ್ನು ಕೆಡಿಸಲಾರಳು. ನಾಲ್ಕು ಕಂಠಗಳ ಗೀತದಲ್ಲಾದರೋ ಎಲ್ಲಿ ಎಳೆಯಬೇಕೆಂಬುದು ವರಸೆಯಲ್ಲಿ ಮೊದಲೇ ನಿಶ್ಚಿತವಾಗಿರುವುದು. ಒಬ್ಬನು ತನ್ನ ಇಚ್ಛೆಯಿಂದ ಅದನ್ನು ಬದಲಾಯಿಸಿದರೆ ಸ್ವರಸಂಘಾತವೇ ಮುರಿದುಬೀಳುವುದು. ಆದುದರಿಂದ ಕರ್ಷಣದ ಸಮಾಧಾನವು ಇಲ್ಲಿ ಸಲ್ಲದು. ಮಾತನ್ನು ರಚಿಸುವವನೇ ಮುಂಚಿತವಾಗಿ ಎಚ್ಚರ ವಹಿಸಬೇಕು.

ಎರಡನೆಯ ತೊಡಕು ಪದಗಳ ಉದ್ದ. ಇಂಗ್ಲೀಷಿನಲ್ಲಿ ಏಕಾಕ್ಷರದ ಪದಗಳು ಹೇರಳ. ಎಂಟು ಅಕ್ಷರಗಳ ಸಾಲಿನಲ್ಲಿ ಆರೇಳು ಪದಗಳು ಹಿಡಿಯುವುವು. ಕನ್ನಡದಲ್ಲಿ ‘ನನ್ನ ಮನೆಯೊಳಗೆ ಬಾ’ ಎಂದರೆ ಎಂಟು ಅಕ್ಷರಗಳು ಮುಗಿದುವು, ಪದಗಳಾದರೋ ಮೂರೇ. ವಿಭಕ್ತಿ ಪ್ರತ್ಯಯಗಳೂ ಕ್ರಿಯೆಯ ಕೊನೆಗಳೂ ಎಡೆಯನ್ನು ತಿಂದುಬಿಡುವುವು. ಮೂಲದ ಒಂದು ಪದ್ಯದ ಅರ್ಥವನ್ನು ಅದೇ ಇಪ್ಪತ್ತೆಂಟು ಅಕ್ಷರಗಳಲ್ಲಿ ತುಂಬಹೊರಟ ಅನುವಾದಕನು ಅರ್ಧವನ್ನು ಬಿಡಬೇಕು, ಇಲ್ಲವೆ ಸಮಾಸಗಳನ್ನು ಆಶ್ರಯಿಸಬೇಕು.

೫. ಎತ್ತುಗಡೆಯೂ ಪದಗಳ ಆಯ್ಕೆಯೂ

ಮೂರನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ‘ಸಾಮಾನ್ಯ ಛಂದಸ್ಸಿ’ನ ವರಸೆಗಳು ಬಹುಮಟ್ಟಿಗೆ ಪೆಟ್ಟಿಗೆ ಮುಂಚೆಯೇ ಏಳುವಂತಹವು. ಮೊದಲ ಅಕ್ಷರವು ದುರ್ಬಲವಾದ ಎತ್ತುಗಡೆ. ಎರಡನೆಯ ಅಕ್ಷರದಲ್ಲಿ ತಾಳದ ಪೆಟ್ಟು. ಇಂಗ್ಲೀಷು ಸಾಲುಗಳು ಒತ್ತಿಲ್ಲದ ಚಿಕ್ಕ ಪದದಿಂದ ಆರಂಭವಾಗುವುದು ಸಹಜವಾದುದರಿಂದ ಇದು ಅವರಿಗೆ ಒಪ್ಪುವುದು. ಕನ್ನಡದ ಪದವಾದರೋ ತನ್ನ ಬಲವನ್ನು ಮೊದಲ ಅಕ್ಷರದಲ್ಲಿಯೇ ಇಟ್ಟುಕೊಂಡಿರುವುದು.

ದ್ವಿತೀಯಾಕ್ಷರ ಪ್ರಾಸವುಳ್ಳ ಕನ್ನಡಕ್ಕೆ ಎರಡನೆಯ ಅಕ್ಷರದ ಪೆಟ್ಟು ಅನುಕೂಲವೇ ಅಲ್ಲವೆ ಎಂದು ಕೇಳಬಹುದು. ಪ್ರಾಸದ ವ್ಯಂಜನವು ಎದ್ದು ಕೇಳಿಸುವುದೇನೋ ದಿಟ. ಆದರೆ ಪ್ರಾಸನಿಯಮವು ಹಿಂದಿನ ಅಕ್ಷರದ ಲಘುಗುರುತ್ವವನ್ನೂ ಕಾಪಾಡಬೇಕೆಂದು ಹೇಳುವುದು. ಪ್ರಾಸದ ಸೊಗಸು ಎರಡು ಅಕ್ಷರಗಳ ಸಂಬಂಧದಲ್ಲಿರುವುದೇ ಹೊರತು ಒಂದರ ಒತ್ತಿನಲ್ಲಿಲ್ಲ. ಮೊದಲಕ್ಷರವು ನುಂಗಿಹೋದರೆ ಪ್ರಾಸವೂ ಕುಂಟುವುದು.

ಈ ಬಗೆಯ ವರಸೆಗೆ ಒಪ್ಪುವ ಪದವು ಲಘುವಿನಿಂದ ಮೊದಲಾಗಿ ಎರಡನೆಯದರಲ್ಲಿ ಗುರುವನ್ನು ಪಡೆದಿರಬೇಕು. ಅಚ್ಚಗನ್ನಡದಲ್ಲಿ ದೀರ್ಘಸ್ವರವು ಸಾಮಾನ್ಯವಾಗಿ ಪದದ ಮೊದಲಕ್ಷರದಲ್ಲಿಯೇ ಬರುವುದರಿಂದ ಅಂತಹ ಪದಗಳು ವಿರಳ. ಸಂಸ್ಕೃತದಲ್ಲಿ ಹೇರಳ: ‘ದಯಾ’, ‘ಕೃಪಾ’, ‘ಸದಾ’, ‘ಮಹಾ’, ‘ಪಿತಾ’, ‘ಪ್ರಭೋ’. ಕನ್ನಡದ ಕ್ರೈಸ್ತ ಗೀತಗಳಲ್ಲಿ ಈ ಪದಗಳು ಸಾಲುಗಳ ಮೊದಲಿನಲ್ಲಿ ಅಷ್ಟೊಂದು ಗುಂಪುಗೂಡಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ, ವರಸೆಯೂ ಕಾರಣ. ಹಾಡಿನ ತಾಳವು ಭಾಷೆಯ ನಿಘಂಟಿನೊಳಗೆ ಕೈಹಾಕಿ ತನಗೆ ಬೇಕಾದ ಪದಗಳನ್ನು ಆರಿಸಿಕೊಂಡಿತೆನ್ನಬಹುದು. ಸಂಸ್ಕೃತಪದಗಳು ಬಂದುದರಿಂದ ಗೀತಕ್ಕೆ ಗಾಂಭೀರ್ಯವು ಬಂದಿತೆಂದು ಪಂಡಿತರು ಸಂತೋಷಪಡಬಹುದು. ಆದರೆ ಸಿರುಗುಪ್ಪದ ಗದ್ದೆಯಲ್ಲಿ ದುಡಿದು ಭಾನುವಾರ ಸಭೆಗೆ ಬಂದ ತಾಯಿಗೆ ತನ್ನ ಮಗನು ಹಾಡುವುದು ಏನೆಂದು ತಿಳಿಯದೆ ಹೋದರೆ, ಆ ಗಾಂಭೀರ್ಯದಿಂದ ಫಲವೇನು? ಗೀತವು ದೇವರಿಗೆ ಸಲ್ಲುವುದೆಂಬುದು ಸರಿ. ಅದು ನೆರೆದವರ ಬಾಯಿಂದ ಸಲ್ಲಬೇಕಾದುದೆಂಬುದೂ ಅಷ್ಟೇ ಸರಿ.

೬. ಮೂರು ನಾಲ್ಕರ ಗಣಗಳೂ ಐದು ಏಳರ ಗಣಗಳೂ

ಇನ್ನು ಗಣಗಳ ವಿಚಾರ. ಸಭೆಗಳಲ್ಲಿ ಹಾಡುವ ಪಾಶ್ಚಾತ್ಯ ವರಸೆಗಳು ಎರಡು, ನಾಲ್ಕು ಅಥವಾ ಮೂರು ಪೆಟ್ಟುಗಳ ನಡೆಯುಳ್ಳವು. ನಾಲ್ಕರ ನಡೆಗೆ ನಮ್ಮ ಮಂದಾನಿಲ ರಗಳೆಯೂ ಶರಷಟ್ಪದಿಯೂ, ಮೂರರ ನಡೆಗೆ ಉತ್ಸಾಹ ರಗಳೆಯೂ ಭೋಗಷಟ್ಪದಿಯೂ ಹೊಂದಿಕೊಳ್ಳುವುವು. ಆದರೆ ಐದು ಮಾತ್ರೆಯ ಲಲಿತ ರಗಳೆ ಮತ್ತು ವಾರ್ಧಕ ಷಟ್ಪದಿಗಳಿಗೂ, ಮೂರು ನಾಲ್ಕು ಸೇರಿ ಏಳಾಗುವ ಭಾಮಿನಿಗೂ ಅಲ್ಲಿ ಜೊತೆ ದೊರೆಯುವುದು ಬಹಳ ಅಪರೂಪ. ಭಾಮಿನಿಯು ಕುಮಾರವ್ಯಾಸನ ನಡೆ; ಬಳ್ಳಾರಿ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಕೇಳಿಬಂದ ನಡೆ. ಜೋಳದರಾಶಿ ದೊಡ್ಡನಗೌಡರು (೧೯೧೦–೧೯೯೪) ಗಮಕಕ್ಕೆ ತಂದ ಕೀರ್ತಿಯು ಈ ಸೀಮೆಯದೇ. ಕನ್ನಡಿಗನ ಕಿವಿಗೆ ಅತ್ಯಂತ ಆಪ್ತವಾದ ಛಂದಸ್ಸು ವಿದ್ಯಾಲಯದ ವೃಂದದ ಬಾಗಿಲಲ್ಲಿ ಹೊರಗೆ ನಿಲ್ಲಬೇಕಾಯಿತೆಂದರೆ, ಕೊರತೆಯು ಛಂದಸ್ಸಿನದಲ್ಲ. ಏಳರ ನಡೆಗೆ ನಾಲ್ಕು ಕಂಠಗಳ ವರಸೆಯನ್ನು ಕಟ್ಟುವ ಪ್ರಯತ್ನವು ಸಾಕಷ್ಟು ನಡೆಯಲಿಲ್ಲವೆಂದೇ ಹೇಳಬೇಕು. ಐರೋಪ್ಯ ಸಂಗೀತಕಾರರು ಇಪ್ಪತ್ತನೆಯ ಶತಮಾನದಲ್ಲಿ ಐದು ಏಳರ ನಡೆಗಳನ್ನು ತಾವಾಗಿಯೇ ಕೈಕೊಂಡಿರುವುದರಿಂದ ಇದು ಅಸಾಧ್ಯವೆನ್ನಲಾಗದು.

೭. ಮೂರು ಪೂರ್ವನಿದರ್ಶನಗಳು

ಈ ತೊಡಕನ್ನು ಹಿಂದಿನವರು ಮೂರು ಬಗೆಯಾಗಿ ಎದುರಿಸಿದರು.

ಮೊದಲನೆಯದು, ಪರದೇಶದ ವರಸೆಗೆ ನಮ್ಮ ಮಾತನ್ನು ಹೊಂದಿಸುವುದು. ಇದರಲ್ಲಿ ಸಂಪೂರ್ಣವಾಗಿ ಗೆದ್ದವರು ಕ್ರೈಸ್ತರಲ್ಲ, ಮುತ್ತುಸ್ವಾಮಿ ದೀಕ್ಷಿತರು. ಅವರು ಮದರಾಸಿನ ಕೋಟೆಯಲ್ಲಿ ಕೇಳಿದ ಬ್ಯಾಂಡಿನ ವರಸೆಗಳಿಗೆ ದೇವತಾಸ್ತುತಿಗಳನ್ನು ಹೊಸೆದರು. ಆಂಗ್ಲ ರಾಜಗೀತೆಯ ವರಸೆಯೂ ಅವುಗಳಲ್ಲೊಂದು. ‘ನೊಟ್ಟುಸ್ವರ ಸಾಹಿತ್ಯ’ವೆಂದು ಪ್ರಸಿದ್ಧವಾದ ಈ ರಚನೆಗಳು ಸಂಸ್ಕೃತದಲ್ಲಿರುವುದು ಆಕಸ್ಮಿಕವಲ್ಲ. ಪದದ ಯಾವ ಎಡೆಯಲ್ಲಿಯಾದರೂ ದೀರ್ಘವನ್ನು ಕೊಡಬಲ್ಲ, ಸಮಾಸದಿಂದ ಹಿಗ್ಗಿ ಕುಗ್ಗಬಲ್ಲ ಸಂಸ್ಕೃತಕ್ಕೆ ಅದು ಸುಲಭ. ಅದೇ ಸೌಕರ್ಯವನ್ನು ಕನ್ನಡದಿಂದ ನಿರೀಕ್ಷಿಸಲಾಗದು.

ಎರಡನೆಯದು, ಮಾತಿನೊಡನೆ ವರಸೆಯನ್ನೂ ನಮ್ಮದನ್ನೇ ಹಿಡಿಯುವುದು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (೧೭೭೪–೧೮೬೪) ತಮಿಳಿನಲ್ಲಿಯೂ, ಪುರುಷೋತ್ತಮ ಚೌಧರಿಗಳು ತೆಲುಗಿನಲ್ಲಿಯೂ ರಾಗತಾಳಗಳಿಂದ ಕೂಡಿದ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. ಪಲ್ಲವಿಯನ್ನು ಹಿಂದಿರುಗಿ ಹೇಳುವ ಕೀರ್ತನೆಯು ಓದು ಬಾರದವನಿಗೂ ಎಟಕುವುದು. ಕ್ಯಾಥೊಲಿಕ್ ಸಭೆಗಳಲ್ಲಿ ಈ ದಾರಿಯು ತೆರೆದುದು ತಡವಾಗಿ. ಬಳ್ಳಾರಿಯು ೧೯೪೯ರಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ಆಗ ಪೂಜೆಯ ಭಾಷೆ ಲ್ಯಾಟಿನ್ನೇ. ೧೯೬೩ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜೆಯಲ್ಲಿ ದೇಶಭಾಷೆಗಳಿಗೆ ಎಡೆಗೊಟ್ಟು, ಆಯಾ ಜನದ ಸಂಗೀತಸಂಪ್ರದಾಯಕ್ಕೆ ತಕ್ಕ ಮರ್ಯಾದೆಯು ಸಲ್ಲಬೇಕೆಂದು ವಿಧಿಸಿದ ಮೇಲೆ ಕನ್ನಡ ಗೀತಗಳಿಗೆ ಅಲ್ಲಿಯೂ ಸ್ಥಾನವು ದೊರೆಯಿತು.

ಮೂರನೆಯದು, ಕನ್ನಡ ಕಾವ್ಯದ ಛಂದಸ್ಸಿನೊಳಕ್ಕೇ ಕ್ರೈಸ್ತ ವಸ್ತುವನ್ನು ತರುವುದು. ಫರ್ಡಿನೆಂಡ್ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯವಾದ ಪದ್ಯಗಳಲ್ಲಿ ಹೇಳಿದರು. ನಾಗವರ್ಮನ ಛಂದಶ್ಶಾಸ್ತ್ರವನ್ನು ೧೮೭೫ರಲ್ಲಿ ಸಂಪಾದಿಸಿ ಪ್ರಕಟಿಸಿದ ವಿದ್ವಾಂಸರಿಗೆ ಕನ್ನಡದ ಕಿವಿ ಎಂತಹುದೆಂದು ತಿಳಿದಿದ್ದಿತು. ಅದೇ ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿ ಬಂದ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨) ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರೈಸ್ತತನಕ್ಕೂ ಕನ್ನಡತನಕ್ಕೂ ವಿರೋಧವಿಲ್ಲವೆಂಬುದಕ್ಕೆ ಇವರಿಬ್ಬರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

೮. ಬ್ಯಾಂಡಿನ ವಿಚಾರ

ಬ್ಯಾಂಡಿನಲ್ಲಿ ಮಾತಿಲ್ಲ, ಆದುದರಿಂದ ಅಲ್ಲಿ ತೊಡಕೂ ಕಡಮೆ. ಬಳ್ಳಾರಿಯವರಿಗೆ ಅದು ಮೊದಲು ಕೇಳಿದ್ದು ದಂಡಿನಿಂದ. ಹಿತ್ತಾಳೆಯ ಕಹಳೆಗಳು, ಕ್ಲಾರಿನೆಟ್ಟು, ದೊಡ್ಡ ಡೋಲು, ಸಣ್ಣ ಡೋಲು — ಇವು ಕವಾಯಿತಿನ ಹೆಜ್ಜೆಗೆ ತಕ್ಕ ವಾದ್ಯಗಳು. ಮನುಷ್ಯನಿಗೆ ಕಾಲು ಎರಡಾದುದರಿಂದ ಅವುಗಳ ನಡೆಯೂ ಎರಡರದು. ಕೀಲಿಗಳಿಲ್ಲದ ಕಹಳೆಯು ಒಂದೇ ಕೊಳವೆಯ ಸಹಜನಾದಗಳನ್ನು ಮಾತ್ರ ಕೊಡಬಲ್ಲುದು. ಷಡ್ಜ, ಪಂಚಮ, ಅಂತರಗಾಂಧಾರಗಳಲ್ಲಿಯೇ ಅದರ ಸಂಸಾರವೆಲ್ಲ ನಡೆಯುವುದು. ಕೀಲಿಗಳುಳ್ಳ ವಾದ್ಯಗಳು ಬಂದ ಮೇಲೆ ಎಲ್ಲ ಸ್ವರಗಳೂ ಸಾಧ್ಯವಾದುವು. ಮೈಸೂರು ಅರಮನೆಯಲ್ಲಿ ೧೮೬೮ರಿಂದ ಬೆಳೆದ ವಾದ್ಯವೃಂದವೂ, ತಂಜಾವೂರಿನ ಆಸ್ಥಾನದಿಂದ ದಕ್ಷಿಣದ ಸಂಗೀತದೊಳಗೆ ಹೊಕ್ಕ ಕ್ಲಾರಿನೆಟ್ಟೂ, ಹೊರಗಿನಿಂದ ಬಂದ ವಾದ್ಯವು ನಮ್ಮದಾಗಬಹುದೆಂಬುದನ್ನು ತೋರಿಸಿಕೊಟ್ಟುವು.

ಬಳ್ಳಾರಿಯ ನೆಲಕ್ಕೆ ಬಾರಿಸುವುದು ಹೊಸದಲ್ಲ. ಊರಿಗೆ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ, ಕಲ್ಲಿನಿಂದ ಬಡಿದರೆ ಗಂಟೆಯಂತೆ ನುಡಿಯುವ ಕರಿಬಂಡೆಗಳಿವೆ. ಪೂರ್ವಕಾಲದ ಜನರು ಬಾರಿಸಿ ಬಾರಿಸಿ ಅವುಗಳಲ್ಲಿ ಕುಳಿಗಳು ಬಿದ್ದಿವೆ. ನಾಟಕದ ಊರೆಂದು ಹೆಸರಾದ ಬಳ್ಳಾರಿಯಲ್ಲಿ, ಧರ್ಮವರಂ ರಾಮಕೃಷ್ಣಾಚಾರ್ಯರ ಮತ್ತು ಕೋಲಾಚಲಂ ಶ್ರೀನಿವಾಸರಾಯರ ನಾಟಕಸಭೆಗಳ ಕಾಲದಿಂದಲೂ, ಹೊರಗಿನ ರೀತಿಯನ್ನು ಒಳಗಿನ ರುಚಿಗೆ ಒಗ್ಗಿಸಿಕೊಳ್ಳುವ ಅಭ್ಯಾಸವು ಬೆಳೆದುಬಂದಿದೆ.

ಆದರೆ ಬ್ಯಾಂಡಾಗಲಿ ಹಾರ್ಮೋನಿಯಮ್ಮಾಗಲಿ ಮಾತಿಗೆ ಜೊತೆಯಾಗಿ ನಿಂತಾಗ ಎರಡ ಎಚ್ಚರಗಳು ಬೇಕು. ಒಂದು, ವಾದ್ಯದ ಸದ್ದು ವ್ಯಂಜನಗಳನ್ನು ನುಂಗದಂತೆ ನೋಡಿಕೊಳ್ಳುವುದು. ಇನ್ನೊಂದು, ಹಾರ್ಮೋನಿಯಮ್ಮಿನ ಕಟ್ಟುಸ್ವರಗಳನ್ನೇ ಪ್ರಮಾಣವೆಂದು ಭಾವಿಸದಿರುವುದು. ಗಮಕಕ್ಕೂ ಶ್ರುತಿಸೂಕ್ಷ್ಮಕ್ಕೂ ಅದು ಒದಗದೆಂಬ ಆಕ್ಷೇಪದಿಂದಲೇ ಭಾರತದ ಆಕಾಶವಾಣಿಯು ೧೯೪೦ರಿಂದ ಸುಮಾರು ಮೂರು ದಶಕಗಳ ಕಾಲ ಆ ವಾದ್ಯವನ್ನು ದೂರವಿಟ್ಟಿತ್ತು. ಗಿಟಾರು, ವಿದ್ಯುತ್ತಿನ ಕೀಲಿಮಣೆ, ಡ್ರಮ್ಮುಗಳಿಂದ ಕೂಡಿದ ಈಗಿನ ವಿದ್ಯಾರ್ಥಿ ಬ್ಯಾಂಡುಗಳಿಗೂ ಈ ಎರಡು ಎಚ್ಚರಗಳು ಅನ್ವಯಿಸುವುವು. ಧ್ವನಿವರ್ಧಕದ ಬಲವು ಸೇರಿರುವುದರಿಂದ ಮೊದಲನೆಯದು ಇನ್ನೂ ಹೆಚ್ಚಾಗಿ.

೯. ಫಲಿತಾಂಶ

ಮೇಲಿನ ವಿಚಾರದಿಂದ ವೃಂದಗಳ ಶಿಕ್ಷಕರಿಗೂ ಗೀತರಚಕರಿಗೂ ಉಪಯುಕ್ತವಾದ ಕೆಲವು ನಿಯಮಗಳು ದೊರೆಯುವುವು.

ಮೊದಲನೆಯದು: ಕನ್ನಡ ಮಾತಿಗೆ ವರಸೆಯನ್ನು ಆರಿಸುವಾಗ ಪೆಟ್ಟಿನ ಮೇಲೆಯೇ ಆರಂಭವಾಗುವುದನ್ನು ಆರಿಸಬೇಕು. ಎತ್ತುಗಡೆಯುಳ್ಳ ವರಸೆಯು ಅನಿವಾರ್ಯವಾದರೆ ‘ಓ’, ‘ಬಾ’, ‘ಈ’ ಮುಂತಾದ ಬಿಡಿ ಅಕ್ಷರವನ್ನು ಎತ್ತುಗಡೆಗೆ ಇಟ್ಟು, ಪದವನ್ನು ಪೆಟ್ಟಿನಿಂದ ತೊಡಗಿಸಬೇಕು.

ಎರಡನೆಯದು: ವರಸೆಯ ದೀರ್ಘಸ್ವರಗಳಿಗೆ ಗುರುವನ್ನೇ ಒದಗಿಸಬೇಕು. ಸಾಲಿನ ಕೊನೆಯ ನಿಲುಗಡೆಗೆ ಸಂಬೋಧನೆಯು ಅತ್ಯುತ್ತಮ. ದೂರದಿಂದ ಕರೆಯುವಾಗ ಕೊನೆಯ ಸ್ವರವು ಮೂರು ಮಾತ್ರೆಯ ಪ್ಲುತವಾಗುವುದನ್ನು ಪಾಣಿನಿಯು ವಿಧಿಸಿರುವನು. ಕನ್ನಡಿಗನೂ ‘ಅಣ್ಣಾ’, ‘ತಂದೇ’, ‘ದೇವಾ’ ಎಂದು ಎಳೆದೇ ಕರೆಯುವನು. ಪ್ರಾರ್ಥನೆಯೆಂಬುದು ಕರೆಯೇ ಆದುದರಿಂದ ಈ ಸೌಕರ್ಯವು ಸಹಜವಾಗಿಯೇ ಕೈಯಲ್ಲಿರುವುದು.

ಮೂರನೆಯದು: ದ್ವಿತ್ವಾಕ್ಷರಗಳಲ್ಲಿ ಭೇದವನ್ನು ಅರಿಯಬೇಕು. ‘ಅಮ್ಮ’, ‘ಅನ್ನ’, ‘ಕಣ್ಣು’ ಮುಂತಾದೆಡೆಗಳಲ್ಲಿ ಅನುನಾಸಿಕದ ಮೇಲೆ ನಾದವು ನಿಲ್ಲಬಲ್ಲುದು. ಅಲ್ಲಿ ದೀರ್ಘಸ್ವರವು ಬಂದರೂ ಬಾಧೆಯಿಲ್ಲ. ‘ಅಕ್ಕ’, ‘ಮುತ್ತು’, ‘ಹೊಟ್ಟೆ’ ಮುಂತಾದೆಡೆಗಳಲ್ಲಿ ನಾದವು ಕಡಿದುಹೋಗುವುದರಿಂದ ಹ್ರಸ್ವಸ್ವರವನ್ನೇ ಕೊಡಬೇಕು.

ನಾಲ್ಕನೆಯದು: ಐದು, ಏಳರ ನಡೆಯುಳ್ಳ ಪದ್ಯಗಳನ್ನು ತಿರುಚಿ ನಾಲ್ಕಕ್ಕೆ ಕೂಡಿಸಬಾರದು. ಮಂದ್ರಕಂಠದವರು ಷಡ್ಜಪಂಚಮಗಳನ್ನು ಶ್ರುತಿಯಂತೆ ಹಿಡಿದಿದ್ದು, ಉಳಿದವರು ಒಂದೇ ವರಸೆಯನ್ನು ಹಾಡಿದರೆ ವೃಂದದ ಗಾಂಭೀರ್ಯವೂ ಉಳಿಯುವುದು, ಭಾಮಿನಿಯ ನಡೆಯೂ ಉಳಿಯುವುದು.

ಐದನೆಯದು: ಹೊಸ ಗೀತವನ್ನು ವೃಂದಕ್ಕೆ ಕಲಿಸುವ ಮೊದಲು ಅದರ ಮಾತನ್ನು ವರಸೆಯಿಲ್ಲದೆ ಗಟ್ಟಿಯಾಗಿ ಓದಿಸಬೇಕು, ಆಮೇಲೆ ವರಸೆಯೊಡನೆ ಹಾಡಿಸಿ, ಮಾತನ್ನು ಮೊದಲು ಕೇಳದ ಒಬ್ಬನಿಂದ ಅರ್ಥವನ್ನು ಹೇಳಿಸಬೇಕು. ಆತನು ಹೇಳಲಾರದೆ ಹೋದರೆ ದೋಷವು ಆತನ ಕಿವಿಯದಲ್ಲ.

ಇಂಗ್ಲೀಷು ಗೀತಗಳನ್ನು ಇಂಗ್ಲೀಷಿನಲ್ಲಿಯೇ ಹಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅವು ತಮ್ಮ ನುಡಿಯಲ್ಲಿ ಸುಂದರವಾದುವು. ಆದರೆ ಕನ್ನಡದಲ್ಲಿ ಹಾಡುವುದು ಕಷ್ಟವೆಂಬ ಕಾರಣದಿಂದ ವಿದ್ಯಾರ್ಥಿಗಳು ಕನ್ನಡವನ್ನು ಬಿಟ್ಟುಬಿಡುವಂತಾದರೆ ಅದು ಶೋಚನೀಯ. ಕಷ್ಟವು ಭಾಷೆಯಲ್ಲಿಲ್ಲ, ಹೊಂದಿಕೆಯಲ್ಲಿರುವುದು. ಕನ್ನಡದ ಅಚ್ಚಿನ ಮೊಳೆಗಳಿಗಾಗಿ ಮಂಗಳೂರಿನ ಪತ್ರಿಕೆಯು ಹುಡುಕಿಕೊಂಡು ಬಂದ ಊರು ಬಳ್ಳಾರಿ. ಅಕ್ಷರವನ್ನು ಲೋಹದಲ್ಲಿ ಕೂಡಿಸಿ ಜೋಡಿಸಬಲ್ಲವರಿದ್ದ ಊರಿಗೆ, ಅದೇ ಅಕ್ಷರವನ್ನು ನಾದದಲ್ಲಿ ಅದರ ಮಾತ್ರೆ ಕೆಡದಂತೆ ಜೋಡಿಸುವ ಕೆಲಸವು ಮೀರಿದುದಲ್ಲ.